ಯಾವ ಛೇದಕ್ಕೆ ಯಾರು ಮೊದಲು? ವಿಡಿಯೋ ಗೇಮ್ ಮಾರುಕಟ್ಟೆಯ ಅಗ್ರಸ್ಥಾನ ಅಳೆಯುವ ಬಗೆ

(ಉಪನ್ಯಾಸದ ಬರಹ ರೂಪ)

ಒಂದೇ ದೇಶದ, ಒಂದೇ ನಾಣ್ಯದ, ಒಂದೇ ಹನ್ನೆರಡು ತಿಂಗಳ ಎರಡು ಲೆಕ್ಕಪತ್ರಗಳಿಂದ ಶುರುಮಾಡೋಣ. 2024ರ ಮಾರ್ಚ್ 31ಕ್ಕೆ ಮುಗಿದ ಹಣಕಾಸು ವರ್ಷದಲ್ಲಿ ಸೋನಿಯ ಗೇಮ್ ವಿಭಾಗದ ಮಾರಾಟ ಸುಮಾರು 4.27 ಲಕ್ಷ ಕೋಟಿ ಯೆನ್. ಅದೇ ಅವಧಿಯಲ್ಲಿ ಇಡೀ ನಿಂಟೆಂಡೊ ಕಂಪನಿಯ ಮಾರಾಟ 1.67 ಲಕ್ಷ ಕೋಟಿ ಯೆನ್. ಸೋನಿಯದರ ಶೇ 40ರಷ್ಟೂ ಇಲ್ಲ. ಆಟ ಆಡುವ ಯಂತ್ರಗಳನ್ನು, ಅಂದರೆ ಕನ್ಸೋಲ್‌ಗಳನ್ನು ಎಣಿಸಿದರೂ ಸೋನಿಯೇ ಮುಂದೆ: ಸೋನಿಯ ಪ್ಲೇಸ್ಟೇಷನ್ 5 ಸುಮಾರು 2.08 ಕೋಟಿ, ನಿಂಟೆಂಡೊದ ಸ್ವಿಚ್ 1.57 ಕೋಟಿ. ಇಷ್ಟು ಓದಿ ಪುಸ್ತಕ ಮುಚ್ಚಿದರೆ ಉತ್ತರ ಸಿಕ್ಕ ಹಾಗೆ ಕಾಣುತ್ತದೆ. ಆದರೆ ಕೆಳಗಿನ ಸಾಲೊಂದಿದೆ, ಕಾರ್ಯಾಚರಣೆಯ ಲಾಭದ್ದು. ಸೋನಿಯ ಗೇಮ್ ವಿಭಾಗಕ್ಕೆ ಸುಮಾರು 29,000 ಕೋಟಿ ಯೆನ್, ನಿಂಟೆಂಡೊಗೆ ಸುಮಾರು 52,900 ಕೋಟಿ ಯೆನ್. ಒಬ್ಬರು ನೂರು ಯೆನ್ ಮಾರಿದರೆ ಏಳು ಉಳಿಸಿಕೊಂಡರು, ಇನ್ನೊಬ್ಬರು ಮೂವತ್ತೆರಡು ಉಳಿಸಿಕೊಂಡರು.

ಹಾಗಾದರೆ ಆ ವರ್ಷ ಮೊದಲನೆಯವರು ಯಾರು? ಪ್ರಶ್ನೆ ಅರ್ಧಕ್ಕೇ ನಿಂತಿದೆ ಎಂಬುದೇ ನನ್ನ ಉತ್ತರ. ಮಾರುಕಟ್ಟೆ ಪಾಲು ಎಂದರೆ ಒಂದು ಭಿನ್ನರಾಶಿ. ಮೇಲೆ ಅಂಶ, ಕೆಳಗೆ ಛೇದ. ಪತ್ರಿಕಾ ಪ್ರಕಟಣೆಗಳು ಅಂಶವನ್ನು ದಪ್ಪಕ್ಷರದಲ್ಲಿ ಹಾಕುತ್ತವೆ, ಛೇದವನ್ನು ಹೇಳುವುದೇ ಇಲ್ಲ. ಈ ಉದ್ಯಮದಲ್ಲಿ ಅಗ್ರಸ್ಥಾನ ಕೈಬದಲಾಗುವುದು ಬಹುಪಾಲು ಆ ಹೇಳದೆ ಬಿಟ್ಟ ಛೇದದಲ್ಲಿ.

ಛೇದ ಕೂತ ಕಡೆ

ಇದಕ್ಕೆ ಆ್ಯಕ್ಟಿವಿಷನ್ ಬ್ಲಿಝಾರ್ಡ್ ಎಂಬ ಗೇಮ್ ಕಂಪನಿಯ ಖರೀದಿಗಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಎಕ್ಸ್‌ಬಾಕ್ಸ್ ಕನ್ಸೋಲ್ ಮಾಡುವ ಮೈಕ್ರೋಸಾಫ್ಟ್ 6,870 ಕೋಟಿ ಡಾಲರಿನ ಈ ವ್ಯವಹಾರವನ್ನು 2022ರ ಜನವರಿಯಲ್ಲಿ ಪ್ರಕಟಿಸಿತು, ಅದು ಮುಗಿದದ್ದು 2023ರ ಅಕ್ಟೋಬರ್‌ನಲ್ಲಿ. ನಡುವಿನ ಇಪ್ಪತ್ತೊಂದು ತಿಂಗಳು ಮೂರು ಖಂಡಗಳ ನಿಯಂತ್ರಕರು ಕಚ್ಚಾಡಿದ್ದು ಮುಖ್ಯವಾಗಿ ಛೇದದ ಮೇಲೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 'ಉನ್ನತ ಸಾಮರ್ಥ್ಯದ ಕನ್ಸೋಲ್' ಎಂಬ ಮಾರುಕಟ್ಟೆಯನ್ನು ಗುರುತಿಸಿ ಸ್ವಿಚ್ ಅನ್ನು ಹೊರಗಿಟ್ಟಿತು. ಮೈಕ್ರೋಸಾಫ್ಟ್ ಸ್ವಿಚ್ ಒಳಗೇ ಇರಲಿ ಎಂದಿತು. ಅಷ್ಟೇ ಅಲ್ಲ, ಮೂವರಲ್ಲಿ ತಾನು ಮೂರನೆಯವನು, 2021ರಲ್ಲಿ ಕನ್ಸೋಲ್ ಮಾರಾಟದಲ್ಲಿ ತನ್ನ ಪಾಲು ಶೇ 16 ಮಾತ್ರ ಎಂದು ನ್ಯಾಯಾಲಯಕ್ಕೆ ತಾನೇ ಬರೆದುಕೊಟ್ಟಿತು. ಸೋತೆನೆಂದು ಸಾಬೀತು ಮಾಡಲು ಇಷ್ಟು ಶ್ರಮ ಪಟ್ಟ ದೊಡ್ಡ ಕಂಪನಿ ಅಪರೂಪ. 2023ರಲ್ಲಿ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಕನ್ಸೋಲ್ ವಿಷಯದ ಆಕ್ಷೇಪವನ್ನು ಕೈಬಿಟ್ಟು, ಕ್ಲೌಡ್ ಗೇಮಿಂಗ್ (ದೂರದ ಸರ್ವರ್‌ನಲ್ಲಿ ಓಡುವ ಆಟವನ್ನು ಅಂತರ್ಜಾಲದ ಮೂಲಕ ಆಡುವುದು) ಎಂಬ ಬೇರೊಂದು ಛೇದವನ್ನು ಹಿಡಿಯಿತು. ಅಲ್ಲಿ ಮೈಕ್ರೋಸಾಫ್ಟ್‌ನ ಪಾಲು ಶೇ 60ರಿಂದ 70 ಎಂಬುದು ಅದರ ಅಂದಾಜು. ಕಂಪನಿ ಅದೇ, ವ್ಯವಹಾರವೂ ಅದೇ. ಒಂದು ಛೇದದಲ್ಲಿ ಕೊನೆಯವ, ಇನ್ನೊಂದರಲ್ಲಿ ದೊರೆ.

ಛೇದವನ್ನು ಮನಸ್ಸಿಗೆ ಬಂದಂತೆ ಇಡದಿರಲು ನಿಯಂತ್ರಕರ ಬಳಿ ಒಂದು ಪರೀಕ್ಷೆ ಇದೆ. ಈ ವರ್ಗದ ಎಲ್ಲ ಉತ್ಪನ್ನಗಳೂ ಒಬ್ಬನೇ ಒಡೆಯನ ಕೈಯಲ್ಲಿವೆ ಎಂದುಕೊಳ್ಳಿ. ಆತ ಬೆಲೆಯನ್ನು ಶೇ 5ರಿಂದ 10ರಷ್ಟು ಏರಿಸಿ ಒಂದು ವರ್ಷ ಹಾಗೇ ಇಟ್ಟರೆ ಅವನಿಗೆ ಲಾಭವಾಗುತ್ತದೆಯೇ? ಲಾಭವಾದರೆ ಬೇಲಿ ಸರಿಯಾದ ಜಾಗದಲ್ಲಿದೆ. ಗ್ರಾಹಕರು ಬೇಲಿ ಹಾರಿ ಬೇರೆ ಕಡೆ ಹೋಗಿ ಏರಿಕೆ ಮೈಮೇಲೆ ಬಂದರೆ ಬೇಲಿ ಚಿಕ್ಕದಾಯಿತು, ಅವರು ಹೋದ ಕಡೆಯನ್ನೂ ಸೇರಿಸಿ ಮತ್ತೆ ಅಳೆಯಬೇಕು. ಈ ಪರೀಕ್ಷೆ ಹುಟ್ಟಿದ್ದು ಬೆಲೆ ಕೊಟ್ಟು ಕೊಳ್ಳುವ ಸರಕುಗಳಿಗೆ. ಉಚಿತ ಆಟಗಳ ಮುಂದೆ ಇದು ಕುಂಟುತ್ತದೆ: ಸೊನ್ನೆಯ ಶೇ 5 ಸೊನ್ನೆಯೇ. ಅಂಥ ಕಡೆ ಬೆಲೆಯ ಬದಲು ಜಾಹೀರಾತಿನ ಹೊರೆಯನ್ನೋ ಆಟದೊಳಗಿನ ವಸ್ತುಗಳ ದರವನ್ನೋ ಏರಿಸಿ ನೋಡಬೇಕಾಗುತ್ತದೆ.

ಬೇಲಿ ಸರಿಸಿದರೆ ಅಂಕಿ ಎಷ್ಟು ಜಿಗಿಯುತ್ತದೆ? ಎ, ಬಿ, ಸಿ ಎಂಬ ಮೂರು ಕಂಪನಿಗಳಿಗೆ ಶೇ 50, 35, 15ರ ಪಾಲು ಇದೆ ಎನ್ನಿ. ಮಾರುಕಟ್ಟೆ ಎಷ್ಟು ಕೆಲವರ ಕೈಯಲ್ಲಿ ಕೇಂದ್ರೀಕೃತವಾಗಿದೆ ಎಂದು ಅಳೆಯುವ ಹರ್ಫಿಂಡಾಲ್-ಹರ್ಷ್‌ಮನ್ ಸೂಚ್ಯಂಕಕ್ಕೆ ಪ್ರತಿ ಪಾಲಿನ ವರ್ಗ ಮಾಡಿ ಕೂಡಿಸಬೇಕು: 2,500, 1,225, 225, ಒಟ್ಟು 3,950. ಈಗ 'ಬಿ ಬೇರೆ ಜಾತಿಯ ಯಂತ್ರ' ಎಂದು ಹೊರಗಿಡಿ. ಎ ಶೇ 76.9ಕ್ಕೆ, ಸಿ ಶೇ 23.1ಕ್ಕೆ ಏರುತ್ತವೆ, ಸೂಚ್ಯಂಕ 6,450ರ ಹತ್ತಿರ. ಒಂದೇ ಒಂದು ಯಂತ್ರವೂ ಹೆಚ್ಚುವರಿಯಾಗಿ ಮಾರಾಟವಾಗಿಲ್ಲ, ನೆನಪಿರಲಿ. ಅಮೆರಿಕದ 2023ರ ವಿಲೀನ ಮಾರ್ಗಸೂಚಿಯ ಪ್ರಕಾರ 1,800 ದಾಟಿದರೆ ಅದು ತೀವ್ರ ಕೇಂದ್ರೀಕೃತ ಮಾರುಕಟ್ಟೆ. 2010ರ ಮಾರ್ಗಸೂಚಿಯಲ್ಲಿ ಆ ಗೆರೆ 2,500 ಇತ್ತು. ಕನ್ಸೋಲ್ ಲೋಕದಲ್ಲಿ ಆಡುವವರೇ ಮೂವರು. ಯಾವ ಗೆರೆಯಾದರೂ ದಾಟಿಯೇ ದಾಟುತ್ತದೆ. ಹಾಗಾಗಿ ಇಲ್ಲಿ ಈ ಸೂಚ್ಯಂಕದ ಮಟ್ಟಕ್ಕಿಂತ ಅದು ಎಷ್ಟು ಬದಲಾಯಿತು ಎಂಬುದನ್ನು ನೋಡುವುದು ಮೇಲು.

ಯಾವ ಬಾಗಿಲಲ್ಲಿ ಎಣಿಸಿದಿರಿ?

'ಇಷ್ಟು ಕೋಟಿ ಮಾರಾಟ' ಎಂಬ ಮಾತಿಗೆ ಕನಿಷ್ಠ ನಾಲ್ಕು ಅರ್ಥಗಳಿವೆ. ಕಾರ್ಖಾನೆಯಿಂದ ಹೊರಟದ್ದು, ಅಂಗಡಿಗೆ ಹೋದದ್ದು, ಗಿರಾಕಿಯ ಕೈ ಸೇರಿದ್ದು, ಮನೆಯಲ್ಲಿ ಚಾಲೂ ಆದದ್ದು. ಕನ್ಸೋಲ್ ಕಂಪನಿಗಳ ತ್ರೈಮಾಸಿಕ ವರದಿಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡನೆಯದು, ಅಂದರೆ ಸೆಲ್-ಇನ್. ಸಂಶೋಧನಾ ಸಂಸ್ಥೆಗಳು ಅಂಗಡಿಯ ಬಿಲ್ಲುಗಳಿಂದ ಕೊಡುವುದು ಮೂರನೆಯದು, ಸೆಲ್-ಥ್ರೂ. ಒಂದು ಕಂಪನಿಯ ಎರಡನೆಯದನ್ನು ಇನ್ನೊಂದರ ಮೂರನೆಯದರ ಪಕ್ಕದಲ್ಲಿಟ್ಟು ಹೋಲಿಸುವ ಚಿತ್ರಪಟಗಳು ದಿನಾ ಹುಟ್ಟುತ್ತವೆ.

ಇವೆರಡರ ನಡುವಿನ ವ್ಯತ್ಯಾಸವನ್ನು ಸರಳ ದಾಸ್ತಾನು ಲೆಕ್ಕದಿಂದ ಹಿಡಿಯಬಹುದು. ತ್ರೈಮಾಸಿಕದ ಆರಂಭದಲ್ಲಿ ಅಂಗಡಿ ಮತ್ತು ಗೋದಾಮುಗಳಲ್ಲಿ 12 ಲಕ್ಷ ಯಂತ್ರ ಇದ್ದವು, ಕಂಪನಿ 30 ಲಕ್ಷ ಕಳಿಸಿತು, ಕೊನೆಗೆ 22 ಲಕ್ಷ ಉಳಿದವು ಎನ್ನಿ. ಗಿರಾಕಿಗೆ ಹೋದದ್ದು 12 ಮತ್ತು 30 ಕೂಡಿಸಿ 22 ಕಳೆದರೆ, 20 ಲಕ್ಷ. ವರದಿ ಕೂಗುವುದು ಮಾತ್ರ 30 ಲಕ್ಷ. ಉಳಿದ 22 ಲಕ್ಷ ಖಾಲಿಯಾಗಲು ಇದೇ ವೇಗದಲ್ಲಿ ಎಷ್ಟು ಕಾಲ ಬೇಕು? ಹದಿಮೂರು ವಾರಕ್ಕೆ 20 ಲಕ್ಷವಾದರೆ 22 ಲಕ್ಷಕ್ಕೆ ಹದಿನಾಲ್ಕು ವಾರ ದಾಟುತ್ತದೆ. ಅಂದರೆ ಮುಂದಿನ ಇಡೀ ತ್ರೈಮಾಸಿಕ ಒಂದು ಯಂತ್ರವನ್ನೂ ಕಳಿಸದಿದ್ದರೂ ಅಂಗಡಿ ನಡೆಯುತ್ತದೆ. ಇಂಥ ಕಡೆ ಬೆಲೆ ಇಳಿಕೆ ಹತ್ತಿರದಲ್ಲೇ ಇದೆ ಎಂದು ತಿಳಿಯಬೇಕು. ವರ್ಷಾಂತ್ಯದ ಹಬ್ಬದ ಮಾರಾಟಕ್ಕೆ ಮುಂಚೆ ದಾಸ್ತಾನು ಉಬ್ಬುವುದು ಸಹಜ, ಹಬ್ಬ ಕಳೆದ ಮೇಲೂ ಉಬ್ಬಿಯೇ ಇದ್ದರೆ ಅದು ಕಾಯಿಲೆ.

ಈ ಕಾಯಿಲೆ ಒಮ್ಮೆ ಇಡೀ ಉದ್ಯಮವನ್ನೇ ಮಲಗಿಸಿತ್ತು. 1982–83ರಲ್ಲಿ ಅಮೆರಿಕದ ಗೇಮ್ ಕಂಪನಿ ಅಟಾರಿಯ ಕಾರ್ಟ್ರಿಜ್‌ಗಳು (ಆಟ ತುಂಬಿದ ಡಬ್ಬಿಗಳು) ಅಂಗಡಿಗೆ ಹೋದ ಲೆಕ್ಕದಲ್ಲಿ ವಿಜಯಿಗಳು. ಗಿರಾಕಿಯ ಕೈಗೆ ಹೋಗದೆ ಮರಳಿ ಬಂದವು. ಅವುಗಳಲ್ಲೊಂದು ಭಾಗವನ್ನು ನ್ಯೂ ಮೆಕ್ಸಿಕೊದ ಅಲಮಗೊರ್ಡೊದಲ್ಲಿ ಹೂಳಲಾಯಿತು. 2014ರಲ್ಲಿ ಅಗೆದಾಗ ಸುಮಾರು 1,300 ಕಾರ್ಟ್ರಿಜ್‌ಗಳನ್ನು ಮೇಲೆತ್ತಿದರು. ಸೆಲ್-ಇನ್ ಅಂಕಿಯನ್ನು ಮಣ್ಣಿನಿಂದ ಹೊರತೆಗೆದದ್ದು ಅದೊಂದೇ ಸಲ ಇರಬೇಕು.

ಆಟಗಳ ಎಣಿಕೆಯಲ್ಲಿ ಇನ್ನೊಂದು ತೊಡಕಿದೆ, ಜೊತೆಗೆ ಕೊಟ್ಟ ಪ್ರತಿಗಳದ್ದು. ನಿಂಟೆಂಡೊದ ವೀ ಯಂತ್ರದ ಆಟ 'ವೀ ಸ್ಪೋರ್ಟ್ಸ್' 8.29 ಕೋಟಿ ಪ್ರತಿ ಎಂದು ಪಟ್ಟಿಗಳಲ್ಲಿ ಮೆರೆಯುತ್ತದೆ. ಜಪಾನ್‌ನಂಥ ಕೆಲವು ಕಡೆ ಬಿಟ್ಟರೆ ಅದು ಯಂತ್ರದ ಪೆಟ್ಟಿಗೆಯೊಳಗೇ ಬರುತ್ತಿತ್ತು. ಆ ಅಂಕಿ ಬೇಡಿಕೆಯನ್ನು ತೋರಿಸುವುದೋ ವಿತರಣೆಯನ್ನೋ? ನನ್ನ ಲೆಕ್ಕದಲ್ಲಿ ಅದು ಯಂತ್ರದ ಬೇಡಿಕೆ. ಈಚೆಗೆ 'ಮಾರಾಟ' ಎಂಬ ಪದದ ಜಾಗದಲ್ಲಿ 'ಆಟಗಾರರು' ಎಂಬ ಪದ ಬಂದಿದೆಯಲ್ಲ, ಅದನ್ನೂ ಹೀಗೇ ಓದಬೇಕು. 2023ರ ಸೆಪ್ಟೆಂಬರ್‌ನಲ್ಲಿ 'ಸ್ಟಾರ್‌ಫೀಲ್ಡ್' 1 ಕೋಟಿ ಆಟಗಾರರನ್ನು ದಾಟಿತು ಎಂದಾಗ ಅದರಲ್ಲಿ ಮೈಕ್ರೋಸಾಫ್ಟ್‌ನ ಚಂದಾ ಸೇವೆಯಾದ ಗೇಮ್ ಪಾಸ್‌ನ ಚಂದಾದಾರರೂ ಇದ್ದರು. ಕೊಂಡವನೂ ಹತ್ತು ನಿಮಿಷ ಇಣುಕಿ ಹೋದವನೂ ಅಲ್ಲಿ ಒಂದೇ.

ಹಣದ ಲೆಕ್ಕ

ಆಟವೊಂದು ಡಿಜಿಟಲ್ ಅಂಗಡಿಯಲ್ಲಿ 100 ಡಾಲರ್ ಗಳಿಸಿತು, ಅಂಗಡಿಯ ಕಮಿಷನ್ 30 ಎನ್ನಿ. ಲೆಕ್ಕದ ನಿಯಮ ಕೇಳುವುದು ಒಂದೇ ಮಾತು: ಗಿರಾಕಿಗೆ ಮಾರಿದವರು ಯಾರು? ಅಂಗಡಿಯೇ ಮಾರಾಟಗಾರ ಎಂದಾದರೆ ಅದರ ಆದಾಯ 100, ವೆಚ್ಚ 70. ಅಂಗಡಿ ಬರೀ ದಲ್ಲಾಳಿ ಎಂದಾದರೆ ಆದಾಯ 30. ಲಾಭ ಎರಡರಲ್ಲೂ 30. ಆದರೆ ಆದಾಯದ ಪಟ್ಟಿಯಲ್ಲಿ ಮೊದಲ ಅಂಗಡಿ ಎರಡನೆಯದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಪ್ರಕಾಶಕರದ್ದೂ ಇದೇ ಕಥೆ, ಒಬ್ಬರು 100 ಬರೆದು 30 ಖರ್ಚು ಹಾಕುತ್ತಾರೆ, ಇನ್ನೊಬ್ಬರು ನೇರ 70 ಬರೆಯುತ್ತಾರೆ. ಎಲ್ಲರ ಆದಾಯವನ್ನೂ ಕೂಡಿಸಿ 'ಉದ್ಯಮದ ಗಾತ್ರ' ತೆಗೆದರೆ ಗಿರಾಕಿ ಕೊಟ್ಟ 100 ಡಾಲರ್ 200 ಆಗಿಬಿಡಬಹುದು. ಛೇದ ಬೇಕಾದರೆ ಗಿರಾಕಿಯ ಜೇಬಿನಿಂದ ಹೋದ ಹಣವನ್ನೇ ಒಂದು ಸಲ ಎಣಿಸಬೇಕು. ಕಂಪನಿಗಳ ಆದಾಯವನ್ನು ಕೂಡಿಸಿ ಛೇದ ಮಾಡಬಾರದು.

ಎರಡನೆಯ ತೊಡಕು ಕಾಲದ್ದು. ಆಟದೊಳಗೆ ಇಂದು ಕೊಂಡ ವಸ್ತುವಿನ ಹಣವನ್ನು ಕಂಪನಿ ಇಂದೇ ಆದಾಯವೆಂದು ಬರೆಯುವಂತಿಲ್ಲ. ಗಿರಾಕಿ ಅದನ್ನು ಬಳಸುವ ಅವಧಿಗೆ ಹಂಚಬೇಕು. ಆನ್‌ಲೈನ್ ಆಟಗಳ ವೇದಿಕೆ ರೋಬ್ಲಾಕ್ಸ್‌ನ 2023ರ ವರದಿಯಲ್ಲಿ ಬುಕಿಂಗ್ಸ್ (ಆ ಅವಧಿಯಲ್ಲಿ ಗಿರಾಕಿಗಳು ಖರ್ಚು ಮಾಡಿದ ಹಣ) ಸುಮಾರು 350 ಕೋಟಿ ಡಾಲರ್, ಆದಾಯ ಸುಮಾರು 280 ಕೋಟಿ. ಎರಡೂ ನಿಜ. ಬೆಳೆಯುತ್ತಿರುವ ಕಂಪನಿಯ ಬುಕಿಂಗ್ಸ್ ಆದಾಯಕ್ಕಿಂತ ಮುಂದೆ ಓಡುತ್ತದೆ, ಬಾಡುತ್ತಿರುವ ಕಂಪನಿಯದು ಹಿಂದೆ ಬೀಳುತ್ತದೆ. ಈಗಿನ ಬೇಡಿಕೆಯನ್ನು ಹೋಲಿಸುವುದಾದರೆ ಬುಕಿಂಗ್ಸ್ ಹಿಡಿಯಿರಿ, ಎಲ್ಲ ಕಂಪನಿಗಳಿಗೂ ಅದನ್ನೇ ಹಿಡಿಯಿರಿ.

ಮೂರನೆಯದು ಒಡೆತನ. ಗೇಮ್ ಆದಾಯದಲ್ಲಿ ಚೀನಾದ ಕಂಪನಿ ಟೆನ್ಸೆಂಟ್ ಜಗತ್ತಿನ ಮುಂಚೂಣಿಯಲ್ಲಿದೆ. 2023ರಲ್ಲಿ ಚೀನಾದೊಳಗಿನ ಆಟಗಳಿಂದ ಸುಮಾರು 12,670 ಕೋಟಿ ಯುವಾನ್, ಹೊರಗಿನಿಂದ ಸುಮಾರು 5,320 ಕೋಟಿ ಯುವಾನ್. ರಾಯಟ್ ಗೇಮ್ಸ್ ಪೂರ್ತಿ ಅದರದ್ದೇ, ಹಾಗಾಗಿ ಅದರ ಆದಾಯ ಒಳಗಿದೆ. ಎಪಿಕ್ ಗೇಮ್ಸ್‌ನಲ್ಲಿ 2012ರಲ್ಲಿ ಸುಮಾರು ಶೇ 40 ಪಾಲು ಕೊಂಡಿತು, ಅದು ನಿಯಂತ್ರಣದ ಪಾಲಲ್ಲ. ಎಪಿಕ್‌ನ ಆಟ 'ಫೋರ್ಟ್‌ನೈಟ್' ಗಳಿಸಿದ ಹಣ ಆ ಮೊತ್ತದಲ್ಲಿ ಸೇರುವುದಿಲ್ಲ. ಪ್ರಭಾವ ಅಳೆಯುವವರು ಪಾಲುಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಮಾಡಿಕೊಳ್ಳಬೇಕು, ಆದಾಯಕ್ಕೆ ಕಲಸಬಾರದು.

ನಾಣ್ಯದ ಬಗ್ಗೆ ಎರಡೇ ಮಾತು. 2022ರ ಆರಂಭದಲ್ಲಿ ಡಾಲರಿಗೆ ಸುಮಾರು 115 ಇದ್ದ ಯೆನ್, ಅಕ್ಟೋಬರ್‌ಗೆ 150ಕ್ಕೆ ಇಳಿಯಿತು. ಅಮೆರಿಕದಲ್ಲಿ ಅಷ್ಟೇ ಮಾರಿದ ಜಪಾನೀ ಕಂಪನಿಯ ಯೆನ್ ಆದಾಯ ಕೈ ಅಲುಗಿಸದೆ ಏರಿತು. ಜಪಾನ್‌ನಲ್ಲಿ ಮಾರಿದ್ದು ಡಾಲರ್ ಪಟ್ಟಿಯಲ್ಲಿ ಕುಸಿಯಿತು. ಸ್ಥಿರ ವಿನಿಮಯ ದರದಲ್ಲಿ ಒಮ್ಮೆ ಮರುಲೆಕ್ಕ ಹಾಕದೆ 'ಶೇ 15 ಬೆಳವಣಿಗೆ' ಎನ್ನಬಾರದು.

ತಲೆ ಎಣಿಕೆ

2015ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಯಂತ್ರಗಳ ಮಾರಾಟ ಸಂಖ್ಯೆ ಹೇಳುವುದನ್ನು ನಿಲ್ಲಿಸಿ ಮಾಸಿಕ ಸಕ್ರಿಯ ಬಳಕೆದಾರರ ಅಂಕಿಗೆ ಬದಲಾಯಿತು. ಕಂಪನಿಯೊಂದು ಅಳತೆಗೋಲು ಬದಲಾಯಿಸಿದ ದಿನಾಂಕವನ್ನು ಗುರುತು ಹಾಕಿಟ್ಟುಕೊಳ್ಳಿ, ಅದೂ ಒಂದು ಮಾಹಿತಿಯೇ. ಹೊಸ ಅಳತೆ ಸುಳ್ಳೇನಲ್ಲ. ಯಂತ್ರ ಮಾರಿ ಮರೆತುಬಿಡುವ ಕಾಲ ಹೋಗಿ, ಬಂದವರನ್ನು ಉಳಿಸಿಕೊಳ್ಳುವ ಕಾಲ ಬಂದಿದೆ ಎಂಬ ವಾದದಲ್ಲಿ ತಿರುಳಿದೆ. ಸೋನಿಯೂ ಈಗ ಅದನ್ನು ಹೇಳುತ್ತದೆ: 2024ರ ಡಿಸೆಂಬರ್‌ನಲ್ಲಿ ಪ್ಲೇಸ್ಟೇಷನ್‌ಗೆ 12.9 ಕೋಟಿ ಮಾಸಿಕ ಸಕ್ರಿಯ ಖಾತೆಗಳು.

ತೊಂದರೆ ಇರುವುದು 'ಸಕ್ರಿಯ' ಮತ್ತು 'ಬಳಕೆದಾರ' ಎಂಬ ಎರಡೂ ಪದಗಳಲ್ಲಿ. ಸ್ವತಂತ್ರ ಕಂಪನಿಯಾಗಿದ್ದಾಗ ಆ್ಯಕ್ಟಿವಿಷನ್ ತನ್ನ ವರದಿಯ ಟಿಪ್ಪಣಿಯಲ್ಲಿ ನೇರವಾಗಿಯೇ ಬರೆಯುತ್ತಿತ್ತು: ನಮ್ಮ ಎರಡು ಆಟ ಆಡಿದ ವ್ಯಕ್ತಿಯನ್ನು ಇಬ್ಬರೆಂದು ಎಣಿಸುತ್ತೇವೆ ಎಂದು. ಪ್ರಾಮಾಣಿಕ ಟಿಪ್ಪಣಿ, ಓದಿದವರು ಕಡಿಮೆ. ಇನ್ನೊಂದು ಕಂಪನಿ ಖಾತೆ ಎಣಿಸುತ್ತದೆ, ಮತ್ತೊಂದು ಸಾಧನ ಎಣಿಸುತ್ತದೆ. ಮನೆಯಲ್ಲಿ ಒಂದು ಯಂತ್ರಕ್ಕೆ ಮೂರು ಖಾತೆ ಇರಬಹುದು. ಒಂದೇ ಖಾತೆಯಲ್ಲಿ ಅಣ್ಣತಮ್ಮಂದಿರು ಸರದಿಯಲ್ಲಿ ಆಡಬಹುದು. ಹೀಗಾಗಿ ಎರಡು ಕಂಪನಿಗಳ ಮಾಸಿಕ ಬಳಕೆದಾರರನ್ನು ಭಾಗಿಸಿ 'ಪಾಲು' ತೆಗೆಯುವುದು ತಪ್ಪು. ಒಂದೇ ಕಂಪನಿಯ ಒಂದೇ ಅಂಕಿಯನ್ನು ವರ್ಷದಿಂದ ವರ್ಷಕ್ಕೆ ಹೋಲಿಸಲು ಮಾತ್ರ ಅದು ಯೋಗ್ಯ. ಎರಡು ವೇದಿಕೆಗಳ ನಡುವೆ ಹೋಲಿಸಲೇಬೇಕಾದರೆ ಆಡಿದ ಒಟ್ಟು ಗಂಟೆಗಳು ಉತ್ತಮ. ಒಬ್ಬರ ದಿನಕ್ಕೆ ಇರುವುದು ಇಪ್ಪತ್ನಾಲ್ಕೇ ಗಂಟೆ, ಅದನ್ನು ಖಾತೆ ತೆರೆದು ಹೆಚ್ಚಿಸಲಾಗದು.

ಪಿಸಿ ಲೋಕದಲ್ಲಿ, ವಾಲ್ವ್ ಕಂಪನಿಯ ಡಿಜಿಟಲ್ ಅಂಗಡಿಯಾದ ಸ್ಟೀಮ್‌ನ ಏಕಕಾಲಿಕ ಆಟಗಾರರ ಸಂಖ್ಯೆ ಎಲ್ಲರಿಗೂ ಕಾಣುತ್ತದೆ, ಅದಕ್ಕೇ ಅದರ ಮೇಲೆ ಅತಿಮೋಹ. ಪಬ್‌ಜಿ 2018ರ ಜನವರಿಯಲ್ಲಿ 32.5 ಲಕ್ಷ ಮುಟ್ಟಿತು, 'ಪಾಲ್‌ವರ್ಲ್ಡ್' 2024ರ ಜನವರಿಯಲ್ಲಿ 21 ಲಕ್ಷ. ಎರಡನೆಯದು ಅದೇ ಹೊತ್ತಿಗೆ ಗೇಮ್ ಪಾಸ್‌ನಲ್ಲೂ ಇತ್ತು, ಆ ಆಟಗಾರರು ಈ ಅಂಕಿಯಲ್ಲಿಲ್ಲ. 2024ರ ಜೂನ್‌ನಲ್ಲಿ 'ಬನಾನಾ' ಎಂಬ ಆಟ 9 ಲಕ್ಷ ದಾಟಿತು. ಪರದೆಯ ಮೇಲಿನ ಬಾಳೆಹಣ್ಣನ್ನು ಒತ್ತುತ್ತಿರುವುದು, ಅಷ್ಟೇ ಆಟ. ಸಿಗುವ ಮಾರಬಲ್ಲ ಚಿತ್ರಗಳಿಗಾಗಿ ಓಡುತ್ತಿದ್ದ ಬಾಟ್‌ಗಳೇ (ತಾವಾಗಿ ಆಡುವ ತಂತ್ರಾಂಶಗಳೇ) ಅದರಲ್ಲಿ ತುಂಬಿದ್ದವು.

ಶಿಖರದ ಅಂಕಿ ಬಿಟ್ಟು ಸರಾಸರಿ ತೆಗೆದುಕೊಂಡರೆ ಉಪಯೋಗವಿದೆ. ದಿನವಿಡೀ ಸರಾಸರಿ 50,000 ಜನ ಆಟದಲ್ಲಿದ್ದಾರೆ ಎನ್ನಿ. ಇಪ್ಪತ್ನಾಲ್ಕರಿಂದ ಗುಣಿಸಿದರೆ ಆಡಿದ ಗಂಟೆಗಳು 12 ಲಕ್ಷ. ಒಬ್ಬ ಆಟಗಾರ ದಿನಕ್ಕೆ ಸರಾಸರಿ 2 ಗಂಟೆ ಆಡುವ ಬಗೆಯ ಆಟವಾದರೆ ದೈನಂದಿನ ಆಟಗಾರರು 6 ಲಕ್ಷ. ಅರ್ಧ ಗಂಟೆಯ ಪಝಲ್ ಆದರೆ 24 ಲಕ್ಷ. ಏಕಕಾಲಿಕ ಸಂಖ್ಯೆ ಒಂದೇ ಇದ್ದರೂ ಜನ ನಾಲ್ಕು ಪಟ್ಟು! ದೀರ್ಘ ಆಟಗಳಿಗೆ ಈ ಅಳತೆ ಒಲಿಯುತ್ತದೆ, ಚಿಕ್ಕ ಆಟಗಳಿಗೆ ಮುನಿಯುತ್ತದೆ.

ಮಾರಾಟ ಅಂದಾಜಿಸಲು ವಿಮರ್ಶೆಗಳ ಸಂಖ್ಯೆಯನ್ನು ಒಂದು ಗುಣಕದಿಂದ ಗುಣಿಸುವ ರೂಢಿಯಿದೆ, ಸಾಮಾನ್ಯವಾಗಿ 30ರಿಂದ 50. ವಾಲ್ವ್ 2018ರ ಏಪ್ರಿಲ್‌ನಲ್ಲಿ ಬಳಕೆದಾರರ ಆಟಗಳ ಪಟ್ಟಿಯನ್ನು, ಅವರೇ ತೆರೆದು ತೋರಿಸದ ಹೊರತು, ಮರೆಯಲ್ಲಿಟ್ಟ ಮೇಲೆ, ಮಾರಾಟ ಅಂದಾಜಿಸುವ ಜಾಲತಾಣ ಸ್ಟೀಮ್ ಸ್ಪೈ ಹಿಂದೆ ಮಾಡುತ್ತಿದ್ದ ಮಾದರಿ ಎಣಿಕೆಗೆ ಪೆಟ್ಟು ಬಿತ್ತು. ಆಗಿನಿಂದ ಈ ಗುಣಕವೇ ಬಡವರ ತಕ್ಕಡಿ. ಹಳೆಯ ಆಟಗಳಿಗೆ ಗುಣಕ ಹೆಚ್ಚು, ಹೊಸವಕ್ಕೆ ಕಡಿಮೆ. ಸಿಟ್ಟಿಗೆದ್ದ ಅಭಿಮಾನಿಗಳು ವಿಮರ್ಶೆಯ ಮಳೆ ಸುರಿಸಿದ ವಾರದಲ್ಲಿ ಅಂದಾಜು ಹಾಕಿದರೆ ಆಟ ಅತಿಯಾಗಿ ಮಾರಾಟವಾದಂತೆ ತೋರುತ್ತದೆ. ಒಂದೇ ಅಂಕಿ ಹೇಳದೆ ಕೆಳಮಿತಿ, ಮೇಲ್ಮಿತಿ ಎರಡನ್ನೂ ಹೇಳಿ. ಮಿತಿಗಳು ಒಂದರ ಮೇಲೊಂದು ಬಿದ್ದರೆ ಆ ಇಬ್ಬರಲ್ಲಿ ಮೊದಲನೆಯವರು ಯಾರೆಂದು ಹೇಳಲು ಬರುವುದಿಲ್ಲ, ಅಷ್ಟೇ.

ಮೊಬೈಲ್ ಅಂದಾಜುಗಳಲ್ಲಿ ಇದಕ್ಕಿಂತ ದೊಡ್ಡ ಕುರುಡು ಜಾಗಗಳಿವೆ. ಚೀನಾದಲ್ಲಿ ಗೂಗಲ್ ಪ್ಲೇ ಇಲ್ಲ, ಅಲ್ಲಿನ ಆಂಡ್ರಾಯ್ಡ್ ಹಣ ಹತ್ತಾರು ಸ್ಥಳೀಯ ಅಂಗಡಿಗಳಲ್ಲಿ ಹರಿದುಹೋಗುತ್ತದೆ. ಪ್ರಕಾಶಕರ ಸ್ವಂತ ಜಾಲತಾಣದ ಅಂಗಡಿಯಲ್ಲಿ ಕೊಂಡದ್ದೂ ಆ್ಯಪ್ ಅಂಗಡಿಯ ಅಂದಾಜಿಗೆ ಸಿಗುವುದಿಲ್ಲ. ಗಿರಾಕಿಗಳನ್ನು ಹೊರಗೆ ಕರೆದೊಯ್ದಷ್ಟೂ ಆಟ 'ಸೋಲುತ್ತಿರುವಂತೆ' ಕಾಣುತ್ತದೆ, ಲಾಭ ಮಾತ್ರ ಏರುತ್ತಿರುತ್ತದೆ.

ಅನುಪಾತ ಎಂಬ ಆಕರ್ಷಣೆ

ಒಂದು ಯಂತ್ರಕ್ಕೆ ಎಷ್ಟು ಆಟ ಮಾರಾಟವಾಯಿತು ಎಂಬ ಅನುಪಾತವನ್ನು ವೇದಿಕೆಯ ಆರೋಗ್ಯದ ಗುರುತು ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. 2024ರ ಮಾರ್ಚ್‌ವರೆಗೆ ಸ್ವಿಚ್ 14.13 ಕೋಟಿ ಯಂತ್ರ, 123 ಕೋಟಿಗೂ ಹೆಚ್ಚು ಆಟ, ಅನುಪಾತ 8.7. ವೀ ಯು 1.356 ಕೋಟಿ ಯಂತ್ರ, ಸುಮಾರು 10.36 ಕೋಟಿ ಆಟ; ಅನುಪಾತ 7.6. ಒಂದು ಭರ್ಜರಿ ಗೆಲುವು, ಇನ್ನೊಂದು ನಿಂಟೆಂಡೊದ ದೊಡ್ಡ ಸೋಲು, ಅನುಪಾತಗಳು ಅಕ್ಕಪಕ್ಕ. ಕಾರಣ ಗೂಢವೇನಲ್ಲ. ಸೋತ ಯಂತ್ರವನ್ನು ಕೊಳ್ಳುವವರು ಕಟ್ಟಾ ಅಭಿಮಾನಿಗಳು, ಅವರು ಬಂದದ್ದನ್ನೆಲ್ಲ ಕೊಳ್ಳುತ್ತಾರೆ. ಗೆದ್ದ ಯಂತ್ರ ವರ್ಷಕ್ಕೆರಡು ಆಟ ಕೊಳ್ಳುವವರನ್ನೂ ಒಳಗೆ ಕರೆತರುತ್ತದೆ. ಹಾಗಾಗಿ ಈ ಅನುಪಾತವನ್ನು ಯಂತ್ರಗಳ ಸಂಖ್ಯೆಯ ಜೊತೆಗೇ ಓದಬೇಕು, ವಯಸ್ಸನ್ನೂ ಸರಿಹೊಂದಿಸಬೇಕು: ಎಂಟು ವರ್ಷದ ಯಂತ್ರಕ್ಕೆ ಆಟ ಕೂಡಲು ಎಂಟು ವರ್ಷ ಸಿಕ್ಕಿರುತ್ತದೆ.

ವಯಸ್ಸಿನ ಮಾತು ಯಂತ್ರಗಳ ಹೋಲಿಕೆಗೂ ಅನ್ವಯ. ಎಕ್ಸ್‌ಬಾಕ್ಸ್ 360 ಬಂದದ್ದು 2005ರ ನವೆಂಬರ್‌ನಲ್ಲಿ, ಪ್ಲೇಸ್ಟೇಷನ್ 3 ಮತ್ತು ವೀ 2006ರ ನವೆಂಬರ್‌ನಲ್ಲಿ. ಕ್ಯಾಲೆಂಡರ್ ಹಿಡಿದು ಹೋಲಿಸಿದರೆ ಮೊದಲನೆಯದಕ್ಕೆ ಒಂದು ವರ್ಷದ ಉಡುಗೊರೆ. ಬಿಡುಗಡೆಯ ತಿಂಗಳನ್ನು ಸೊನ್ನೆ ಮಾಡಿ ಎರಡು ಗೆರೆ ಎಳೆದರೆ ವೇಗ ತಿಳಿಯುತ್ತದೆ. ಆದರೆ ಆ ಹೊತ್ತು ಅಂಗಡಿಯಲ್ಲಿ ಯಾರ ಕೈ ಮೇಲಿತ್ತು ಎಂಬುದಕ್ಕೆ ಕ್ಯಾಲೆಂಡರೇ ಬೇಕು. ಹಣಕಾಸು ವರ್ಷದ ಹೆಸರುಗಳಲ್ಲೂ ಎಡವುತ್ತಾರೆ. ಸೋನಿಯ '2023' ಮುಗಿಯುವುದು 2024ರ ಮಾರ್ಚ್‌ನಲ್ಲಿ, ಮೈಕ್ರೋಸಾಫ್ಟ್‌ನ '2024' ಮುಗಿಯುವುದು ಅದೇ ವರ್ಷದ ಜೂನ್‌ನಲ್ಲಿ. ಹೆಸರು ಬಿಟ್ಟು ತ್ರೈಮಾಸಿಕಗಳನ್ನು ಒಡೆದು, ಒಂದೇ ನಾಲ್ಕನ್ನು ಎರಡೂ ಕಡೆ ಕೂಡಿಸಿಕೊಳ್ಳುವುದು ವಾಸಿ.

ಸಭೆಯಿಂದ ಬಂದ ಪ್ರಶ್ನೆ: ಇಷ್ಟೆಲ್ಲ ಬಿಟ್ಟು ಒಂದೇ ಗುರುತು ನೋಡಿ ಎಂದರೆ ಯಾವುದನ್ನು ನೋಡುತ್ತೀರಿ?

ಬೆಲೆ ಏರಿಸಿಯೂ ಗಿರಾಕಿಯನ್ನು ಉಳಿಸಿಕೊಳ್ಳುವ ಶಕ್ತಿ. ಅಥವಾ ಎದುರಾಳಿ ಬೆಲೆ ಇಳಿಸಿದರೂ ತಾನು ಇಳಿಸದೆ ನಿಲ್ಲುವ ಶಕ್ತಿ. ಕನ್ಸೋಲ್‌ಗಳು ವಯಸ್ಸಾದಂತೆ ಅಗ್ಗವಾಗುವುದು ರೂಢಿ. 2022ರ ಆಗಸ್ಟ್‌ನಲ್ಲಿ ಸೋನಿ ಎರಡು ವರ್ಷವೂ ತುಂಬದ ಪ್ಲೇಸ್ಟೇಷನ್ 5ರ ಬೆಲೆಯನ್ನು ಅಮೆರಿಕ ಬಿಟ್ಟು ಯುರೋಪ್, ಬ್ರಿಟನ್, ಜಪಾನ್ ಮೊದಲಾದ ಕಡೆ ಏರಿಸಿತು; ಬ್ರಿಟನ್‌ನಲ್ಲಿ 449.99 ಪೌಂಡ್ ಇದ್ದದ್ದು 479.99 ಆಯಿತು. ಮುಂದಿನ ಮಾರ್ಚ್‌ಗೆ ಮುಗಿದ ವರ್ಷಕ್ಕೂ ಅದರ ನಂತರದ ವರ್ಷಕ್ಕೂ ಯಂತ್ರಗಳ ಮಾರಾಟ ಇಳಿಯಲಿಲ್ಲ, ಏರಿತು. ಪೂರೈಕೆ ಸುಧಾರಿಸಿದ್ದೂ ಅದಕ್ಕೆ ಕಾರಣ, ಅದನ್ನು ಕಳೆದೇ ಓದಬೇಕು.

ಇನ್ನೂ ಶುದ್ಧ ಉದಾಹರಣೆ ಪಿಸಿ ಅಂಗಡಿಗಳದ್ದು. 2018ರ ನವೆಂಬರ್ ಕೊನೆಗೆ ಸ್ಟೀಮ್ ತನ್ನ ಶೇ 30ರ ಕಮಿಷನ್ ಅನ್ನು ದೊಡ್ಡ ಆಟಗಳಿಗೆ ಮಾತ್ರ ಸಡಿಲಿಸಿತು: 1 ಕೋಟಿ ಡಾಲರ್ ದಾಟಿದ ಮೇಲಿನ ಹಣಕ್ಕೆ ಶೇ 25, 5 ಕೋಟಿ ದಾಟಿದರೆ ಶೇ 20. ಕೆಲವೇ ದಿನಗಳಲ್ಲಿ ಎಪಿಕ್ ತನ್ನ ಅಂಗಡಿ ತೆರೆದು ಎಲ್ಲರಿಗೂ ಶೇ 12 ಎಂದಿತು, ಗಿರಾಕಿಗಳಿಗೆ ಉಚಿತ ಆಟಗಳನ್ನೂ ಹಂಚತೊಡಗಿತು. ಅರ್ಧಕ್ಕಿಂತ ಕಡಿಮೆ ಕಮಿಷನ್ ಎದುರಿಗಿದ್ದರೂ ಸಣ್ಣ ಆಟಗಳಿಗೆ ಸ್ಟೀಮ್‌ನ ಶೇ 30 ಕದಲಲಿಲ್ಲ. 2025ರ ಮಾರ್ಚ್‌ನಲ್ಲಿ ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ ಇದ್ದವರ ಸಂಖ್ಯೆ 4 ಕೋಟಿ ದಾಟಿತು. ವಾಲ್ವ್ ಷೇರುಪೇಟೆಯಲ್ಲಿಲ್ಲದ ಖಾಸಗಿ ಕಂಪನಿ, ತ್ರೈಮಾಸಿಕ ವರದಿ ಕೊಡುವುದಿಲ್ಲ. ಆದಾಯದ ಪಟ್ಟಿ ಮಾತ್ರ ನೋಡುವವರಿಗೆ ಆ ಸಾಲು ಖಾಲಿ.